ಅವನ ಕೈಗೆ ಅವಳ ದನಿ

"ನನ್ನ ದನಿ ಹೇಗಿರುತ್ತೆ?"

ಟಿವಿ ಸ್ಟುಡಿಯೋದ ಮೇಕಪ್ ಕೋಣೆಯ ಕನ್ನಡಿಯಲ್ಲಿ ಎರಡು ಕೈಗಳು ಹಾಗೆ ಕೇಳಿದವು. ಅವಳು ತಿರುಗಿದಳು. ಬಾಗಿಲಲ್ಲಿ ಅರ್ಥಶಾಸ್ತ್ರದ ಮೇಷ್ಟ್ರೊಬ್ಬ ನಿಂತಿದ್ದ. ಹುಟ್ಟಿನಿಂದ ಕಿವಿ ಕೇಳದವನು. ವಿಶ್ವವಿದ್ಯಾಲಯ ಎಲ್ಲರಿಗೂ ಉಚಿತವಾಗಬೇಕೆಂಬ ವಿರೋಧ ಪಕ್ಷದ ಯೋಜನೆಯನ್ನು ಬರೆದವನು ಅವನೇ. ಚುನಾವಣೆಗೆ ಮೂರು ವಾರ ಇತ್ತು. ಚರ್ಚೆಯಲ್ಲಿ ಅವನ ಸನ್ನೆಗಳನ್ನು ಮಾತಾಗಿಸುವುದು ಅವಳ ಕೆಲಸ.

"ನನ್ನ ದನಿ ಥರಾನೇ ಇರುತ್ತೆ. ಸ್ವಲ್ಪ ಕೀರಲು, ಅಡ್ಜಸ್ಟ್ ಮಾಡ್ಕೊಳ್ಳಿ!" ಎಂದು ಅವಳೂ ಸನ್ನೆಯಲ್ಲೇ ಹೇಳಿದಳು.

ಅವನು ನಕ್ಕ. "ಇಷ್ಟು ಚೆನ್ನಾಗಿ ಯಾರು ಕಲಿಸಿದ್ರು?"

"ಅಪ್ಪ. ಅವರಿಗೂ ಕೇಳಿಸಲ್ಲ. ದರ್ಜಿ."

"ಅವರು ಇಟ್ಟ ಹೆಸರು?"

ಕಿವಿ ಕೇಳದವರು ತಮ್ಮವರಿಗೆಲ್ಲ ಒಂದೊಂದು ಸನ್ನೆ ಹೆಸರು ಇಡುತ್ತಾರೆ. ಅವಳು ತನ್ನ ಗಲ್ಲದ ಗುಳಿಯನ್ನು ಬೆರಳಿಂದ ಮುಟ್ಟಿ ತೋರಿಸಿದಳು. ಅವನು ತನ್ನ ಗಲ್ಲವನ್ನು ಹಾಗೆಯೇ, ನಿಧಾನವಾಗಿ ಮುಟ್ಟಿ ಅವಳನ್ನು ಕರೆದ.

ಅಪ್ಪನನ್ನು ಬಿಟ್ಟರೆ ಯಾರೂ ಆ ಹೆಸರಿನಿಂದ ಅವಳನ್ನು ಕರೆದಿರಲಿಲ್ಲ. ಎದೆ ಝಲ್ಲೆಂದಿತು!

ಅವಳ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಅವನು 'ನಾನು' ಎಂದರೆ ಅವಳೂ 'ನಾನು' ಎಂದೇ ಹೇಳಬೇಕು. ಒಂದು ಮಾತು ಸೇರಿಸುವಂತಿಲ್ಲ, ಒಂದು ಮಾತು ಬಿಡುವಂತಿಲ್ಲ.

ದೀಪಗಳು ಹೊತ್ತಿಕೊಂಡವು. ಅವನು ಕೈ ಎತ್ತಿದ. ಮುಂದಿನ ನಾಲ್ಕು ನಿಮಿಷ ಅವಳು ಕಣ್ಣು ಮಿಟುಕಿಸಿದ್ದರೆ ಕೇಳಿ!

ಖಾಲಿ ಗಾಳಿಯಲ್ಲಿ ಅವನು ಒಂದು ವಿಶ್ವವಿದ್ಯಾಲಯ ಕಟ್ಟಿದ. ಬೀಗವಿಲ್ಲದ ಗೇಟು, ಸವೆದ ಮೆಟ್ಟಿಲು, ಎತ್ತರದ ತರಗತಿ... ಒಬ್ಬ ಹುಡುಗಿ ಮೆಟ್ಟಿಲು ಹತ್ತಿ ಬಂದಳು. ಹಿಂದೆಯೇ ಅವಳ ಅಮ್ಮ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಅದೇ ಬೆಂಚಿನಲ್ಲಿ ಮಗಳ ಪಕ್ಕ ಕೂತಳು. "ಇವರನ್ನ ಹೊರಗೆ ನಿಲ್ಲಿಸಿ ನಾವು ಎಷ್ಟು ಉಳಿಸಿದ್ವಿ?" ಎಂದು ಕೇಳಿದ ಅವನು.

ಅವಳ ದನಿ ಒಡೆಯಿತು. ಶುಲ್ಕ ಕಟ್ಟಲಾಗದೆ ಒಂದೇ ವರ್ಷಕ್ಕೆ ಕಾಲೇಜು ಬಿಟ್ಟವಳು ಅವಳು. ಅಪ್ಪ ಹಗಲಿಡೀ ಹೊಲಿದರೂ ಸಾಲಲಿಲ್ಲ. 'ದೇವರೇ... ಎರಡು ಕೈಯಲ್ಲಿ ಇಷ್ಟೆಲ್ಲ ಹಿಡಿಯುತ್ತಾ?' ಅವಳು ಬೆರಗಾಗಿ ನೋಡುತ್ತಲೇ ಇದ್ದಳು.

ಆಮೇಲಿನ ಎರಡು ವಾರ ಸ್ಟುಡಿಯೋ ಕ್ಯಾಂಟೀನಿನಲ್ಲಿ ಚಹಾ ಆರುತ್ತಿತ್ತು, ಇಬ್ಬರ ಕೈಗೂ ಪುರುಸೊತ್ತಿರಲಿಲ್ಲ. ಕ್ಯಾಂಟೀನಿನವನು ಅವಳ ಮುಂದೆ ಬಿಸಿ ಲೋಟ ಇಟ್ಟು, "ಮೇಡಂ, ಕೈಗೆ ಸ್ವಲ್ಪ ರೆಸ್ಟ್ ಕೊಡಿ, ಚಹಾ ಕುಡೀರಿ" ಎಂದು ರೇಗಿಸುತ್ತಿದ್ದ.

ಎರಡನೇ ಚರ್ಚೆ ಬಂತು. ಆಳುವ ಪಕ್ಷದ ವಕ್ತಾರ ಮೇಜು ಕುಟ್ಟಿದ. "ನೀವು ಗೆಲ್ಲೋದೂ ಅಷ್ಟರಲ್ಲೇ ಇದೆ, ದುಡ್ಡು ಬರೋದೂ ಅಷ್ಟರಲ್ಲೇ ಇದೆ! ನೇರವಾಗಿ ಹೇಳಿ ಮೇಷ್ಟ್ರೇ, ಗೆಲ್ತೀರಾ? ನಾಲ್ಕು ವರ್ಷದ ಪದವಿಗೆ ದುಡ್ಡು ಇದೆಯಾ?"

ಮೇಷ್ಟ್ರ ಕೈ ಶಾಂತವಾಗಿ ಉತ್ತರಿಸಿತು. "ಈ ಸಲ ನಾವು ಸೋಲಬಹುದು. ಶ್ರೀಮಂತರ ಆಸ್ತಿ ತೆರಿಗೆಯಿಂದ ಮೂರು ವರ್ಷಕ್ಕೆ ದುಡ್ಡು ಸಿಗುತ್ತೆ. ನಾಲ್ಕನೇ ವರ್ಷದ್ದು ನನಗೆ ಗೊತ್ತಿಲ್ಲ. ಹುಡುಕ್ತಾ ಇದ್ದೀನಿ."

ಅವಳು ಅವನ ಕೈಯನ್ನೇ ನೋಡಿದಳು. 'ಅಯ್ಯೋ, ಇದನ್ನು ಹೇಳಿದರೆ ಇವನನ್ನು ಹರಿದು ತಿಂತಾರೆ!'

"ನಾವು ಗೆದ್ದೇ ಗೆಲ್ತೀವಿ," ಎಂದುಬಿಟ್ಟಳು. "ನಾಲ್ಕು ವರ್ಷಕ್ಕೂ ದುಡ್ಡು ಇದೆ!"

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅವಳು ಆಡಿದ ಮಾತು ಎದುರಿನ ಪರದೆಯಲ್ಲಿ ಅಕ್ಷರಗಳಾಗಿ ಮೂಡಿತು. ಅವನು ಅದನ್ನು ಓದಿದ. ತಿದ್ದಲು ಕೈ ಎತ್ತಿದ, ಆದರೆ ಅಷ್ಟರಲ್ಲಿ ಸಮಯ ಮುಗಿದು ದೀಪಗಳು ಆರಿದ್ದವು. ಅವನು ಅವಳತ್ತ ತಿರುಗಿದ.

"ಹುಟ್ಟಿದಾಗಿನಿಂದ ಎಲ್ಲರೂ ನನ್ನ ಪರವಾಗಿ ಮಾತಾಡಿದ್ದಾರೆ," ಎಂದವು ಅವನ ಕೈಗಳು. "ನೀನೊಬ್ಬಳೇ ನಾನಾಗಿ ಮಾತಾಡ್ತಿದ್ದೆ... ಇವತ್ತು ನೀನೂ ಅವರ ಸಾಲಿಗೆ ಸೇರ್ಕೊಂಡೆ."

"ನಿಮಗೆ ಒಳ್ಳೇದಾಗಲಿ ಅಂತ..."

ಅವನು ಕಣ್ಣು ಬೇರೆ ಕಡೆ ತಿರುಗಿಸಿದ. ಸನ್ನೆಯಲ್ಲಿ ಮಾತಾಡುವವರ ನಡುವೆ ಮುಚ್ಚಲು ಅದಕ್ಕಿಂತ ದೊಡ್ಡ ಬಾಗಿಲಿಲ್ಲ.

ಮನೆಯಲ್ಲಿ ಅಪ್ಪ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು. ಟಿವಿಯಲ್ಲಿ ಅವರು ನೋಡಿದ್ದು ಮೇಷ್ಟ್ರ ಕೈಯನ್ನೂ, ಕೆಳಗೆ ಓಡಿದ ಅಕ್ಷರಗಳನ್ನೂ.

"ಅವನು ಕೊಟ್ಟ ಅಳತೆ ಒಂದು, ನೀನು ಹೊಲಿದದ್ದು ಇನ್ನೊಂದು," ಎಂದು ಸನ್ನೆ ಮಾಡಿದರು.

"ಅಪ್ಪಾ, ಅವನು ಸೋಲಬಾರದು ಅಂತ..."

"ಅವನು ಹಾಕ್ಕೊಳ್ಳೋ ಅಂಗಿ ಕಣೇ ಅದು. ನಿನ್ನ ಅಳತೆಗೆ ಹೊಲಿಯೋಕೆ ನೀನ್ಯಾರು?"

ಅವಳು ಅಪ್ಪನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಕೊನೆಯ ಚರ್ಚೆಯ ದಿನ ಅವಳು ನಿರೂಪಕಿಯ ಬಳಿ ಹೋಗಿ ಒಂದು ನಿಮಿಷ ಮಾತಾಡಲು ಅವಕಾಶ ಕೇಳಿದಳು. "ಕೆಲಸ ಹೋಗುತ್ತಮ್ಮಾ," ಎಂದಳು ನಿರೂಪಕಿ.

"ಹೋಗ್ಲಿ ಬಿಡಿ."

ದೀಪ ಹೊತ್ತಿತು. ಅವಳು ಜನರ ಮುಂದೆ ನಿಂತು, ಬಾಯಲ್ಲಿ ಹೇಳುತ್ತಲೇ ಕೈಯಲ್ಲೂ ಹೇಳಿದಳು. "ಹೋದ ಸಲ ಮೇಷ್ಟ್ರು ಹೇಳಿದ್ದನ್ನ ನಾನು ಹೇಳಲಿಲ್ಲ. ಸುಳ್ಳು ನನ್ನದು, ಅವರದ್ದಲ್ಲ. ಅವರ ಕೈ ಸತ್ಯವನ್ನೇ ಹೇಳಿತ್ತು."

ಗದ್ದಲವೆದ್ದಿತು. ಅವಳು ಇಳಿದು ಹೊರಟಳು. ಅವನು ಎದ್ದು ಬಂದು ಅವಳ ದಾರಿಗೆ ಅಡ್ಡ ನಿಂತ. ಅನುವಾದಕರ ಕುರ್ಚಿಯತ್ತ ಕೈ ತೋರಿಸಿದ.

"ನನ್ನನ್ನ ಇನ್ನೂ ನಂಬ್ತೀರಾ?" ಎಂದು ಅವಳು ಸನ್ನೆಯಲ್ಲಿ ಕೇಳಿದಳು.

"ಕೂತ್ಕೋ. ಆಮೇಲೆ ನೋಡೋಣ."

ಅವನು ಅದೇ ಉತ್ತರವನ್ನು ಮತ್ತೆ ಕೊಟ್ಟ, ಕೊನೆಗೆ ತಾನೇ ಒಂದು ಮಾತು ಸೇರಿಸಿದ. ಅವಳು ಎಲ್ಲವನ್ನೂ, ಒಂದು ಮಾತೂ ಬಿಡದೆ, ಹೇಳಿದಳು. "ಈ ಸಲ ನಾವು ಸೋಲಬಹುದು... ನಾಲ್ಕನೇ ವರ್ಷದ್ದು ನನಗೆ ಗೊತ್ತಿಲ್ಲ. ಆ ಮೂರು ವರ್ಷ ಓದಿದವರು ನನ್ನ ಜೊತೆ ಕೂತು ಅದನ್ನ ಹುಡುಕ್ತಾರೆ ಅಂತ ನಂಬಿದ್ದೀನಿ."

ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಎದ್ದು ನಿಂತಳು. "ಗೊತ್ತಿಲ್ಲ ಅನ್ನೋ ರಾಜಕೀಯದವರನ್ನ ಇವತ್ತೇ ಕಂಡೆ ಕಣ್ರೀ!" ಎಂದಳು. ಮೇಜು ಕುಟ್ಟುವ ವಕ್ತಾರನಿಗೂ ಆ ಕ್ಷಣ ಮೇಜು ಮರೆತುಹೋಗಿತ್ತು. ಜನ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರಾಗಿ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು, ಕಿವಿ ಕೇಳದವನಿಗೆ ಕಾಣುವ ಹಾಗೆ.

ಚರ್ಚೆ ಮುಗಿಯುತ್ತಲೇ ವಾಹಿನಿಯವರು ಅವಳ ಗುರುತಿನ ಚೀಟಿ ವಾಪಸ್ ಪಡೆದರು. ಮೇಕಪ್ ಕೋಣೆಯಲ್ಲಿ ಅವಳು ಚೀಲ ತುಂಬಿಕೊಳ್ಳುತ್ತಿದ್ದಾಗ ಕನ್ನಡಿಯಲ್ಲಿ ಮತ್ತೆ ಅವೇ ಕೈಗಳು. ಮೊದಲು ಗಲ್ಲದ ಗುಳಿ. ಆಮೇಲೆ ಒಂದು ವಾಕ್ಯ.

ಅಭ್ಯಾಸಬಲ... ಅವಳು ಅದನ್ನು ಗಟ್ಟಿಯಾಗಿ ಹೇಳಿಯೇಬಿಟ್ಟಳು. "ನಾನು ನಿನ್ನನ್ನ ಪ್ರೀತಿಸ್ತೀನಿ!"

ಮೇಕಪ್ ಅಕ್ಕ ಕುಂಚ ಕೈಬಿಟ್ಟಳು. "ಯಾರೇ? ಯಾರು ಹೇಳಿದ್ದು ಅದು?"

ಅವಳು ಕೆಂಪಾಗಿ ಮೇಷ್ಟ್ರ ಕಡೆ ನೋಡಿದಳು. ಅವನು ಅಕ್ಕನ ತುಟಿ ಓದಿ ನಗುತ್ತಿದ್ದ.

"ಹೇಳು, ಯಾರ ಮಾತು ಅದು?" ಎಂದು ಅವನ ಕೈ ಕೇಳಿತು.

"ಮೊದಲು ನಿಮ್ಮದು," ಎಂದು ಅವಳು ಸನ್ನೆ ಮಾಡಿದಳು. ಕಣ್ಣು ತುಂಬಿತ್ತು. "ಈಗ ನಂದೂ. ಒಂದು ಮಾತೂ ಸೇರಿಸಿಲ್ಲ, ಒಂದು ಮಾತೂ ಬಿಟ್ಟಿಲ್ಲ."