ದನಿಗೆ ಹಚ್ಚಿದ ಹೊಳಪು

“ಯಾರೋ ನಮ್ಮಕ್ಕನ ದನಿ ಹಾಳು ಮಾಡಿದಾರೆ ಮೇಡಂ. ಬೇಕು ಅಂತಲೇ ಮಾಡಿದಾರೆ!”

ಫೋನಿನಲ್ಲಿ ಆತ ಅಷ್ಟು ಹೇಳಿದ್ದೇ ತಡ. ನನ್ನ ಹೆಂಡತಿ ಚಪ್ಪಲಿ ಮೆಟ್ಟಿ ಆಗಲೇ ಬಾಗಿಲಲ್ಲಿದ್ದಳು.

ಹಾಡು ಬಿಡುಗಡೆಯಾಗುವ ಮುಂಚೆ ಕೊನೆಯದಾಗಿ ಕೇಳಿ, ಅಂಕುಡೊಂಕು ತಿದ್ದಿ ಕಳಿಸುವುದು ಅವಳ ಕಸುಬು. ಸಂಗೀತದವರೆಲ್ಲ ಅವಳನ್ನು ಕಿವಿ ಮೇಡಂ ಎನ್ನುತ್ತಾರೆ. ನನ್ನದು ಕನ್ನಡಕದ ಅಂಗಡಿ. ಇಂಥ ಕರೆ ಬಂದಾಗಲೆಲ್ಲ ಅಂಗಡಿಗೆ ಬೀಗ ಜಡಿದು, ಅವಳ ಹೆಡ್‌ಫೋನಿನ ಪೆಟ್ಟಿಗೆ ಹೊತ್ತು ಹಿಂದೆ ಹೋಗುವುದು ನನ್ನ ಹಣೆಬರಹ. ನಿಜ ಹೇಳಬೇಕೆಂದರೆ, ನನ್ನ ಖುಷಿಯೂ ಹೌದು.

ಸ್ಟುಡಿಯೋ ಇದ್ದದ್ದು ಸೋಫಾ ಅಂಗಡಿಯ ಮಹಡಿಯ ಮೇಲೆ. ಗೋಡೆಗೆಲ್ಲ ಅಂಗಡಿಯವನು ಎಸೆದ ಸ್ಪಂಜಿನ ತುಂಡುಗಳನ್ನು ಅಂಟಿಸಿದ್ದರು. ಒಳಗೆ ಇಬ್ಬರಿದ್ದರು. ಫೋನು ಮಾಡಿದವನು ತಮ್ಮ. ಎಲೆಕ್ಟ್ರಾನಿಕ್ ಹಾಡು ಕಟ್ಟುವವನು. ಕತ್ತಿಗೆ ಬಟ್ಟೆ ಸುತ್ತಿಕೊಂಡು ಕಿಟಕಿ ಪಕ್ಕ ಕೂತವಳು ಅವನ ಅಕ್ಕ, ಹಾಡುವವಳು. ಮೂರನೆಯವನು ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ನಿಂತಿದ್ದ. ಕೀಬೋರ್ಡು ನುಡಿಸುವ ಗೆಳೆಯ, ಗುಂಡ. ಆ ಹೆಸರು ಯಾರಿಟ್ಟರೋ! ಆಸಾಮಿ ಊದಿದರೆ ಹಾರಿಹೋಗುವಂತಿದ್ದ.

“ಅವನು ಒಳಗೆ ಬರಕೂಡದು,” ಎಂದ ತಮ್ಮ. “ದನಿ ಮಂಕು ಅಂತ ಜಗಳ ಆಡಿದ್ದು ಅವನೇ. ಮೊದಲು ಹಾಡು ಕೇಳಿ.”

ಡ್ರಮ್ಮಿನ ಗುದ್ದು ಚೆನ್ನಾಗಿಯೇ ಇತ್ತು. ಆಮೇಲೆ ದನಿ ಬಂತು ನೋಡಿ — ನನ್ನ ಹಲ್ಲು ಜುಮ್ಮೆಂದಿತು! ಸಕಾರ ಬಂದಲ್ಲೆಲ್ಲ ಕಿವಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು.

“ಎಕ್ಸೈಟರ್,” ಎಂದಳು ನನ್ನ ಹೆಂಡತಿ.

“ಹಾಗಂದ್ರೆ?” ನಾನು ಕೇಳಿದೆ.

“ದನಿ ಮಂಕಾಗಿದ್ರೆ ಅದರಿಂದಲೇ ಹೊಸದಾಗಿ ಮೇಲಿನ ನಾದಗಳನ್ನ ಹುಟ್ಟಿಸಿ ಸೇರಿಸೋ ಸಾಧನ. ಸ್ವಲ್ಪ ಸೇರಿಸಿದ್ರೆ ದನಿ ಹೊಳೀತದೆ. ಜಾಸ್ತಿ ಆದ್ರೆ ಈ ಗತಿ.” ಅವಳು ತಮ್ಮನತ್ತ ತಿರುಗಿದಳು. “ಕಡಿಮೆ ಮಾಡಿದ್ರಾಯ್ತಲ್ಲ?”

“ಅದೇ ಆಗ್ತಿಲ್ಲ ಮೇಡಂ. ನಾವು ದನಿನ ಒಂದು ಟ್ರ್ಯಾಕಿನಲ್ಲಿ, ಹೊಳಪನ್ನ ಮಾತ್ರ ಇನ್ನೊಂದು ಟ್ರ್ಯಾಕಿನಲ್ಲಿ ಇಟ್ಟು, ಬೇಕಾದಷ್ಟೇ ಬೆರೆಸ್ತೀವಿ. ಈಗ ನೋಡಿದ್ರೆ ಯಾರೋ ಎರಡನ್ನೂ ಸೇರಿಸಿ ಒಂದೇ ಫೈಲ್ ಮಾಡಿದಾರೆ. ಮೂಲ ದನಿ ಅಳಿಸಿದಾರೆ. ಕಸದ ಬುಟ್ಟಿನೂ ಖಾಲಿ!”

“ನಕಲು ಇಟ್ಟಿಲ್ವಾ?”

“ಆ ಡಿಸ್ಕು ಕೈಕೊಟ್ಟಿತ್ತು. ಹೊಸದು ತರೋಣ, ತರೋಣ ಅಂತ…”

“ಅದಕ್ಕೇನಂತೆ? ಅಕ್ಕ ಇನ್ನೊಂದು ಸಲ ಹಾಡಿದ್ರೆ ಆಯ್ತು,” ಎಂದೆ ನಾನು.

ನನ್ನ ಹೆಂಡತಿ ನನ್ನ ಕಾಲು ತುಳಿದಳು. ತಡವಾಗಿತ್ತು.

ರೆಕಾರ್ಡಿಂಗ್ ಮುಗಿದ ಮೇಲೆ ಅಕ್ಕನಿಗೆ ಗಂಟಲಿನ ಆಪರೇಶನ್ ಆಗಿತ್ತಂತೆ. ಈಗ ಮೆಲ್ಲಗೆ ಮಾತಾಡಬಹುದು. ಹಾಡಲು ಬಂದರೂ ಹಳೆಯ ದನಿ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ಹಳೆಯ ದನಿ ಉಳಿದದ್ದು ಈ ಒಂದು ಹಾಡಿನಲ್ಲಿ. ಅದೇ ಹಾಳಾಗಿತ್ತು! ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ.

“ಬೀಗದ ಕೈ ಯಾರ ಹತ್ತಿರ ಇದೆ?” ಎಂದು ಕೇಳಿದಳು ನನ್ನ ಹೆಂಡತಿ.

“ನಮ್ಮ ಮೂರೂ ಜನರ ಹತ್ತಿರ. ಕೆಳಗಿನ ಸೋಫಾ ಅಂಗಡಿಯವರ ಹತ್ತಿರ ಒಂದು.”

ಸೋಫಾ ಅಂಗಡಿಯವನು ಕೆಳಗೆ ನಮಗಾಗಿ ಕಾದೇ ಇದ್ದ. “ಇವರ ಗುಡುಗುಡು ಸದ್ದಿಗೆ ಗಿರಾಕಿಗಳು ಸೋಫಾ ಮೇಲೆ ಕೂರೋಕೇ ಹೆದರ್ತಾರೆ ಸ್ವಾಮಿ! ಸೀಟು ನಡುಗುತ್ತೆ!” ಎಂದು ನನ್ನ ತೋಳು ಹಿಡಿದುಕೊಂಡ.

“ಇವನೇ ಇರಬಹುದಾ?” ಎಂದು ನಾನು ಪಿಸುಗುಟ್ಟಿದೆ.

“ಇವರಿಗೆ ಬೇಡವಾದದ್ದು ಡ್ರಮ್ಮಿನ ಸದ್ದು. ಡ್ರಮ್ಮನ್ನ ಮುಟ್ಟದೆ ದನಿಗೆ ಹೊಳಪು ಹಚ್ಚಿ ಇವರಿಗೇನು ಸಿಗತ್ತೆ? ನಡೀರಿ.”

ಮೆಟ್ಟಿಲ ಮೇಲೆ ಗುಂಡ ಕೈಕಟ್ಟಿ ನಿಂತೇ ಇದ್ದ.

“ದನಿ ಮಂಕಾಗಿದೆ ಅಂತ ನೀವು ಜಗಳ ಆಡಿದ್ರಂತೆ?” ನನ್ನ ಹೆಂಡತಿ ಕೇಳಿದಳು.

“ಆಡಿದೆ. ನನ್ನ ಕೀಬೋರ್ಡಿನ ಮಧ್ಯೆ ಮುಳುಗಿಹೋಗ್ತಿತ್ತು. ಸ್ವಲ್ಪ ಹೊಳಪು ಹಾಕು ಅಂದೆ.”

“ಯಾರೆದುರು ಅಂದ್ರಿ?”

“ಅಕ್ಕನೂ ಇದ್ರು.” ಅವನ ಮುಖ ಸಣ್ಣಗಾಯಿತು. “ಅನ್ನಬಾರದಿತ್ತು.”

“ಆಮೇಲೆ ನೀವೇ ಹಾಕಿದ್ರಾ?”

“ಹಾಕಿದ್ರೆ ಇಷ್ಟು ಕೆಟ್ಟದಾಗಿ ಹಾಕ್ತಿದ್ನಾ ಮೇಡಂ? ನನಗೂ ಮಾನ ಮರ್ಯಾದೆ ಇಲ್ವಾ?”

ಅವಳು ನಕ್ಕು, ಅವನ ಕೈಹಿಡಿದು ಒಳಗೆ ಕರೆತಂದಳು. ತಮ್ಮ ಗುರುಗುಟ್ಟಿದ. ಅದನ್ನು ಕಿವಿಗೇ ಹಾಕಿಕೊಳ್ಳದೆ ಅವಳು ಕಂಪ್ಯೂಟರಿನ ಮುಂದೆ ಕೂತಳು.

“ಹಾಡುವಾಗ ಅಕ್ಕನ ಗಂಟಲು ಹೇಗಿತ್ತು?”

“ಒಂದೆರಡು ಕಡೆ ದನಿ ಬಿರುಕು ಬಿಡ್ತು,” ಎಂದ ತಮ್ಮ. “ಮಿಕ್ಕಿದ್ದೆಲ್ಲ ಚೆನ್ನಾಗಿತ್ತು.”

“ಸರಿ. ಇದೇನು, ‘ಹೊಳಪು’ ಅಂತ ಒಂದು ಫೈಲ್?”

“ಅದು ಕಸ ಮೇಡಂ. ನಮ್ಮ ಕಂಪ್ಯೂಟರ್ ಮುದುಕ, ಎಕ್ಸೈಟರ್ ಓಡಿಸಿದ್ರೆ ಏದುಸಿರು ಬಿಡತ್ತೆ. ಅದಕ್ಕೇ ಹೊಳಪಿನ ಟ್ರ್ಯಾಕನ್ನ ಒಂದು ಫೈಲ್ ಮಾಡಿಟ್ಟು ಎಕ್ಸೈಟರನ್ನ ಆಫ್ ಮಾಡಿಬಿಡ್ತೀವಿ. ಅದರಲ್ಲಿ ದನಿನೇ ಇಲ್ಲ, ಬರೀ ಸುಯ್ ಅನ್ನತ್ತೆ.”

“ಇದು ಯಾವಾಗಿನದು?”

ತಮ್ಮ ಬಗ್ಗಿ ನೋಡಿದ. “ಅರೆ! ದನಿ ಹಾಳು ಮಾಡಿದ ದಿನದ್ದೇ!”

“ಅಂದ್ರೆ ಮಾಡಿದವರೂ ನಿಮ್ಮ ಅಭ್ಯಾಸದ ಪ್ರಕಾರವೇ ಮಾಡಿದಾರೆ. ಮೊದಲು ಹೊಳಪನ್ನ ಫೈಲ್ ಮಾಡಿ, ಆಮೇಲೆ ದನಿ ಜೊತೆ ಕೂಡಿಸಿದಾರೆ. ಈ ಕಸ ಸಾಕು ನನಗೆ.”

“ಉಪ್ಪು ಹೆಚ್ಚಾದ ಮೇಲೆ ತೆಗೆಯೋಕಾಗತ್ತೇನೇ?” ಎಂದೆ.

“ಅಡುಗೇಲಿ ಆಗಲ್ಲ. ಇಲ್ಲಿ ಹಾಕಿದ ಉಪ್ಪಷ್ಟೂ ಬೇರೆಯಾಗಿ ಸಿಕ್ಕಿದೆ. ಇದರ ಅಲೆಯನ್ನ ತಲೆಕೆಳಗು ಮಾಡಿ, ಹಾಳಾದ ದನಿಗೆ ಕೂಡಿಸ್ತೀನಿ. ಏರು ಇದ್ದ ಕಡೆ ಇಳಿ ಬಂದು ಹೊಳಪು ಸೊನ್ನೆಯಾಗತ್ತೆ. ಆಮೇಲೆ ಏನು ಉಳಿಯತ್ತೆ?”

ತಮ್ಮನ ಬಾಯಿ ತೆರೆದೇ ಇತ್ತು. “ಅಕ್ಕ ಉಳೀತಾಳೆ.”

ಅವಳು ಒಂದು ಗುಂಡಿ ಒತ್ತಿ, ಹೊಳಪಿನ ಅಳತೆಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸುತ್ತಾ ಹೋದಳು. ಸೂಜಿಯಂಥ ಸದ್ದು ತೆಳುವಾಯಿತು. ಇನ್ನೂ ತೆಳುವಾಯಿತು. ಇದ್ದಕ್ಕಿದ್ದಂತೆ ಇಲ್ಲವೇ ಆಯಿತು.

ಒಂದು ಹೆಣ್ಣುದನಿ ಹಾಡುತ್ತಿತ್ತು. ಸ್ವಲ್ಪ ದಣಿದ, ಬೆಚ್ಚನೆಯ ದನಿ. ನನಗೆ ಸಂಗೀತದ ಗಂಧವಿಲ್ಲ, ಆದರೂ ಕಣ್ಣು ತುಂಬಿ ಬಂತು. ತಮ್ಮ, ಗುಂಡ ಇಬ್ಬರೂ ಜಗಳ ಮರೆತು ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡಿದ್ದರು. ಅಕ್ಕ ಮಾತ್ರ ತಲೆ ಎತ್ತಲಿಲ್ಲ.

“ದನಿ ಸಿಕ್ಕಿತು. ಆದರೆ ಮಾಡಿದ್ದು ಯಾರು?” ತಮ್ಮ ಮತ್ತೆ ಗುಂಡನ ಕಡೆ ನೋಡಿದ.

“ಅವರನ್ನ ಬಿಟ್ಬಿಡಿ,” ಎಂದಳು ನನ್ನ ಹೆಂಡತಿ. “ಗುಂಡನಿಗೆ ಹೊಳಪು ಬೇಕಿದ್ದದ್ದು ಕೀಬೋರ್ಡು ಜೋರಾಗೋ ಕಡೆ. ಈ ಕಸದ ಫೈಲನ್ನ ಕೇಳಿ. ಅಲ್ಲೆಲ್ಲ ಹೊಳಪು ಕಡಿಮೆಯೇ ಇದೆ. ತೀರಾ ಹೆಚ್ಚಾಗಿರೋದು ದನಿ ಬಿರುಕು ಬಿಟ್ಟ ಕಡೆ. ಯಾರೋ ಬಿರುಕು ಮುಚ್ಚೋಕೆ ನೋಡಿದಾರೆ. ಹಾಗೆ ಮಾಡೋಕೆ ನಿಮಗೂ ಕಾರಣ ಇತ್ತು.”

“ನಾನಾ?!” ತಮ್ಮ ಬೆಚ್ಚಿಬಿದ್ದ.

“ಇರಿ. ಎಲ್ಲಕ್ಕಿಂತ ಹೆಚ್ಚು ಹೊಳಪಿರೋದು ಇನ್ನೊಂದು ಜಾಗದಲ್ಲಿ. ಕೊನೇ ಚರಣ, ಮೇಲೆ ಹೋಗಿ ‘ಬಾ’ ಅಂತ ಎಳೆಯೋ ಕಡೆ. ಮೂಲ ದನಿ ಕೇಳಿ, ಏನು ತಪ್ಪಿದೆ ಹೇಳಿ.”

ಅವಳು ಅಷ್ಟನ್ನೇ ಹಾಕಿದಳು. ದನಿ ಸಲೀಸಾಗಿ ಏರಿತು, ನಿಂತಿತು, ಇಳಿಯಿತು.

“ಏನೂ ಇಲ್ಲ,” ಎಂದ ಗುಂಡ. “ಹಾಡಿನಲ್ಲೇ ಚೆಂದದ ಜಾಗ ಅದು.”

“ಕೇಳುವವರಿಗೆ ಯಾರಿಗೂ ಇಲ್ಲಿ ತಪ್ಪು ಸಿಗಲ್ಲ. ಹಾಗಿದ್ರೆ ಇಲ್ಲಿ ಮುಚ್ಚಿದ್ದು ಏನನ್ನ? ಕಿವಿಗೆ ಕೇಳದ್ದು ಗಂಟಲಿಗೆ ಗೊತ್ತಿತ್ತು. ಇಲ್ಲಿ ನೋವಾಗಿದ್ದು ಹಾಡಿದವರಿಗೆ ಮಾತ್ರ ಗೊತ್ತು.” ಅವಳು ಕುರ್ಚಿ ತಿರುಗಿಸಿದಳು. ಅವಳ ಮಾತು ಮೆತ್ತಗಾಯಿತು. “ತುಂಬಾ ನೋವಾಗಿತ್ತಾ ಅಕ್ಕ?”

ಅಕ್ಕ ಕತ್ತಿನ ಬಟ್ಟೆಯನ್ನು ಸಡಿಲಿಸಿದಳು.

“ಬೆಂಕಿ ಇಟ್ಟಂಗೆ,” ಎಂದಳು. ಹೊಸ ದನಿ, ಒರಟಾಗಿ ತಗ್ಗಿನಲ್ಲಿತ್ತು. “ಹಾಡು ಹಾಕಿದಾಗೆಲ್ಲ ನನಗೆ ಕಾಯಿಲೆನೇ ಕೇಳಿಸ್ತಿತ್ತು. ಮಂಕು ಅಂತ ಗುಂಡನೂ ಅಂದ. ಇವಳ ಕೊನೇ ಹಾಡು, ಅಯ್ಯೋ ಪಾಪ ಅಂತ ಜನ ಅನ್ನೋದು ಬೇಡ ಅನ್ನಿಸ್ತು. ಹೊಳಪು ಹಾಕ್ತಾ ಕೂತೆ. ಎಷ್ಟು ಹಾಕಿದ್ರೂ ಸಾಲದು ಅನ್ನಿಸ್ತು.”

“ಕಿವಿ ಒಗ್ಗಿಹೋಗಿರತ್ತೆ. ಬಿಡುವು ಕೊಡದೆ ಕೂತ್ರೆ ಎಲ್ಲರಿಗೂ ಅದೇ ಆಗೋದು.”

“ಇವನು ಮತ್ತೆ ಹಳೇದನ್ನ ಹಾಕಬಾರದು ಅಂತ ಅಳಿಸಿಬಿಟ್ಟೆ. ಮಾರನೇ ದಿನ ಕೇಳಿದಾಗ ಎದೆ ಧಸಕ್ ಅಂತು. ಅಷ್ಟರಲ್ಲಿ ಇವನು ಗುಂಡನ ಮೇಲೆ ಹರಿಹಾಯ್ದ. ನಾನೇ ಅಂತ ಹೇಳೋಕೆ ಬಾಯೇ ಬರಲಿಲ್ಲ.” ಅವಳು ಎದ್ದು ಗುಂಡನ ಮುಂದೆ ನಿಂತಳು. “ತಪ್ಪಾಯ್ತು ಕಣೋ.”

“ಇರ್ಲಿ ಬಿಡಿ ಅಕ್ಕ,” ಎಂದ ಗುಂಡ. “ಮೆಟ್ಟಿಲ ಮೇಲೆ ಗಾಳಿ ಚೆನ್ನಾಗಿತ್ತು.”

ತಮ್ಮ ತಲೆ ತಗ್ಗಿಸಿಕೊಂಡೇ ಅವನಿಗೆ ಕುರ್ಚಿ ಎಳೆದುಕೊಟ್ಟ.

“ಆ ‘ಬಾ’ ಇನ್ನೊಂದು ಸಲ ಹಾಕಿ,” ಎಂದಳು ಅಕ್ಕ. ಕಣ್ಣು ಮುಚ್ಚಿ ಕೇಳಿದಳು. ಮತ್ತೆ ಹಾಕಿಸಿದಳು. “ನಿಜವಾಗ್ಲೂ ಕೇಳಿಸಲ್ವಾ, ನೋವು?”

“ಇಲ್ಲ ಕಣೇ,” ಎಂದ ತಮ್ಮ.

“ಹಾಗಿದ್ರೆ ಹೀಗೇ ಹೋಗ್ಲಿ. ದನಿಗೆ ಏನೂ ಹಚ್ಚಬೇಡ.”

“ಮುಳುಗದ ಹಾಗೆ ನನ್ನ ಕೀಬೋರ್ಡನ್ನೇ ಇಳಿಸ್ತೀನಿ,” ಎಂದ ಗುಂಡ.

“ಇಳಿಸು. ಆಮೇಲೆ ಇನ್ನೊಂದು ಹಾಡು ಶುರು ಮಾಡು, ಈ ಹೊಸ ಗಂಟಲಿಗೆ. ವಾಸಿಯಾಗೋ ಹೊತ್ತಿಗೆ ತಯಾರಿರ್ಲಿ. ಶ್ರುತಿ ಮಾತ್ರ ಕೆಳಗಿರಬೇಕು.”

“ಎಷ್ಟು ಕೆಳಗೆ?”

“ಬಾರಿಸ್ತಾ ಇಳಿ. ಹೇಳ್ತೀನಿ.”

ಗುಂಡ ಕೀಬೋರ್ಡು ಹತ್ತಿರಕ್ಕೆಳೆದುಕೊಂಡು ಒಂದೊಂದೇ ಸ್ವರ ಇಳಿಯತೊಡಗಿದ. ಅಕ್ಕ ಗಂಟಲ ಮೇಲೆ ಬೆರಳಿಟ್ಟುಕೊಂಡು ಕೇಳುತ್ತಿದ್ದಳು. ಇನ್ನೂ ಕೆಳಗೆ. ಇನ್ನೂ.

“ಇಲ್ಲಿ,” ಎಂದಳು.