ಮಾವನ ಗಾಡಿಯಲ್ಲಿದ್ದ ಗಂಟು

"ಆ ಗಾಡಿ ತಂಟೆಗೆ ಹೋಗಬೇಡಿ ಅಳಿಯಂದ್ರೇ. ನಿಂತಿರೋದು ನಿಂತಿರ್ಲಿ."

ಅತ್ತೆ ಶೆಡ್ಡಿನ ಬಾಗಿಲಿಗೆ ಅಡ್ಡವಾಗಿ ನಿಂತು ಹೇಳಿದರು. ಅಳಿಯ ನಕ್ಕುಬಿಟ್ಟ.

"ಅದಕ್ಕೆ ದೆವ್ವ ಹಿಡಿದಿಲ್ಲ ಅತ್ತೆ, ತುಕ್ಕು ಹಿಡಿದಿದೆ. ದೆವ್ವಕ್ಕೆ ನನ್ನ ಹತ್ರ ಮದ್ದಿಲ್ಲ, ತುಕ್ಕಿಗಿದೆ."

ಅವನು ಲಿಫ್ಟ್ ರಿಪೇರಿ ಮಾಡುವವನು. ಎಂಟು ಮಹಡಿಯ ಕತ್ತಲ ಬಾವಿಯಲ್ಲಿ ಗ್ರೀಸು ಮೆತ್ತಿಕೊಂಡು ನೇತಾಡುತ್ತ ದುಡಿದವನಿಗೆ ಒಂದು ಹಳೇ ಮೋಟರ್‌ಸೈಕಲ್ ಯಾವ ಲೆಕ್ಕ? ಮದುವೆಯಾಗಿ ಮೂರು ತಿಂಗಳಾಗಿತ್ತು. ಹೆಂಡತಿಯ ತವರಿನಲ್ಲಿ ಹದಿನೈದು ದಿನ ಇರಲೆಂದು ಬಂದವನಿಗೆ ಎರಡನೆಯ ದಿನಕ್ಕೇ ಕೈ ಕಡಿಯತೊಡಗಿತ್ತು.

ಆದರೆ ಗಾಡಿ ರಿಪೇರಿಯ ಆಸೆ ಹುಟ್ಟಿಸಿದ್ದು ಅವನ ಹೆಂಡತಿ. ಮುಂದಿನ ಕೋಣೆಯ ಕಿಟಕಿಯ ಪಕ್ಕ, ಆರಾಮಕುರ್ಚಿಯಲ್ಲಿ ಮಾವ ಕೂತಿದ್ದರು. ಹದಿನಾಲ್ಕು ವರ್ಷದಿಂದ ಕೂತೇ ಇದ್ದರು. ಒಂದೇ ಸಿನಿಮಾದ ರೀಲು ಡಬ್ಬಿಗಳನ್ನು ಎರಡು ಟಾಕೀಸುಗಳ ನಡುವೆ, ಇಂಟರ್ವಲ್ ಮುಗಿಯುವುದರೊಳಗೆ, ಇದೇ ಗಾಡಿಯ ಮೇಲೆ ಸಾಗಿಸುತ್ತಿದ್ದ ಮನುಷ್ಯ. ಒಂದು ಭಾನುವಾರ ಮಧ್ಯಾಹ್ನ ಗಾಡಿಯನ್ನು ಶೆಡ್ಡಿಗೆ ತಳ್ಳಿ, ಒಳಗೆ ಬಂದು, ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಬಾಯಿಗಿಟ್ಟದ್ದನ್ನು ನುಂಗುತ್ತಿದ್ದರು. ಕಣ್ಣು ತೆರೆದೇ ಇರುತ್ತಿತ್ತು. ಡಾಕ್ಟರುಗಳು ತಲೆಯಿಂದ ಕಾಲಿನವರೆಗೆ ನೋಡಿ, ಎಲ್ಲ ಸರಿಯಿದೆ ಎಂದು ಕೈಚೆಲ್ಲಿದ್ದರು.

"ಅಪ್ಪಂಗೆ ಆ ಗಾಡಿ ಅಂದ್ರೆ ಜೀವ ರೀ," ಎಂದಿದ್ದಳು ಹೆಂಡತಿ. "ಅದರ ಸದ್ದು ಒಂದ್ಸಲ ಕಿವಿಗೆ ಬಿದ್ರೆ ಏನಾದ್ರೂ ನೆನಪಾಗ್ಬೋದೇನೋ."

ಅಷ್ಟು ಸಾಕಾಗಿತ್ತು ಅವನಿಗೆ.

ಟಾರ್ಪಾಲು ಎಳೆದಾಗ ಧೂಳಿನ ಜೊತೆ ಇನ್ನೊಂದು ವಾಸನೆ ಮೇಲೆದ್ದಿತು. ಮುಚ್ಚಿದ ಕೋಣೆಯಲ್ಲಿ ಬಹಳ ದಿನ ಮಲಗಿದ ರೋಗಿಯ ಬೆವರಿನಂಥದ್ದು. ಇಲಿ ಸತ್ತಿರಬೇಕು ಅಂದುಕೊಂಡ. ಸೀಟಿನ ರೆಕ್ಸಿನ್ನು ಒಣಗಿದ ತುಟಿಯ ಹಾಗೆ ಬಿರಿದಿತ್ತು. ಪೆಟ್ರೋಲ್ ಪೈಪು ಕಿತ್ತು, ಟ್ಯಾಂಕಿನ ಕೆಳಗೆ ಬಕೆಟ್ ಇಟ್ಟ. ಹದಿನಾಲ್ಕು ವರ್ಷದ ಪೆಟ್ರೋಲು ಕಂದುಬಣ್ಣಕ್ಕೆ ತಿರುಗಿ, ಮಂದವಾಗಿ, ವಾರ್ನಿಶ್ಶಿನ ಘಾಟು ಬೀರುತ್ತ ಇಳಿಯಿತು.

ಆಗಲೇ ಒಳಗಿನಿಂದ ಕೆಮ್ಮು ಕೇಳಿದ್ದು.

ಹೆಂಡತಿ ಟವೆಲ್ ಹಿಡಿದು ಓಡಿಬಂದಳು. "ರೀ, ಅಪ್ಪ ಕೆಮ್ಮಿದ್ರು! ಇದು ನೋಡಿ."

ಟವೆಲ್ಲಿನ ಮೇಲೆ ಅಂಗೈಯಗಲದ ಕಂದು ಕಲೆ. ಅವನು ಮೂಸಿ ನೋಡಿದ. ವಾರ್ನಿಶ್ಶಿನ ಘಾಟು.

"ನನ್ನ ಕೈದೇ ವಾಸನೆ ಇರ್ಬೇಕು," ಎಂದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಕಿಕ್ಕರಿನ ಮೇಲೆ ಮೈಭಾರವೆಲ್ಲ ಬಿಟ್ಟು ನಿಂತರೂ ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಪಿಸ್ಟನ್ ಕಚ್ಚಿಕೊಂಡಿತ್ತು. ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಎಣ್ಣೆ ಸುರಿದು ಬಿಟ್ಟ. ಮರುದಿನ ಬೆಳಿಗ್ಗೆ ಗಾಡಿಯನ್ನು ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಜಗ್ಗತೊಡಗಿದ. ಹತ್ತು ಸಲ. ಇಪ್ಪತ್ತು ಸಲ. ಕೊನೆಗೆ ಒಳಗೆಲ್ಲೋ 'ಟಕ್' ಎಂದಿತು.

ಮುಂದಿನ ಕೋಣೆಯಲ್ಲೂ 'ಟಕ್' ಎಂದಿತು. ಮೂಳೆಯ ಸದ್ದು. ಅದರ ಬೆನ್ನಿಗೇ ಉದ್ದವಾದ, ಒರಟಾದ ಒಂದು ಉಸಿರು. ಅವನು ಚಕ್ರ ತಿರುಗಿಸಿದಾಗಲೆಲ್ಲ ಗೋಡೆಯಾಚೆ ಉಸಿರು ಏರುತ್ತಿತ್ತು. ನಿಲ್ಲಿಸಿದರೆ ನಿಲ್ಲುತ್ತಿತ್ತು. ಅವನು ಮೂರು ಸಲ ಪರೀಕ್ಷಿಸಿದ. ನಾಲ್ಕನೆಯ ಸಲ ಪರೀಕ್ಷಿಸುವ ಧೈರ್ಯ ಆಗಲಿಲ್ಲ.

ಆದರೂ ಕೈ ಬಿಡಲಿಲ್ಲ. ಬಿಟ್ಟರೆ ಅತ್ತೆಯ ಮಾತಿಗೆ ಹೆದರಿದ ಹಾಗಾಗುತ್ತಿತ್ತು. ಕಾರ್ಬೊರೇಟರ್ ತೊಳೆದ, ಪೆಟ್ರೋಲು ಹಾಯುವ ಜೆಟ್ಟಿನ ಸಣ್ಣ ತೂತಿಗೆ ತಂತಿ ತೂರಿಸಿ ಊದಿದ. ಪ್ಲಗ್ಗಿಗೆ ಮರಳುಕಾಗದ ಉಜ್ಜಿದ. ಇನ್ನುಳಿದದ್ದು ಏರ್ ಫಿಲ್ಟರ್. ಇಂಜಿನ್ನು ಉಸಿರೆಳೆಯುವ ಜಾಗ ಅದು. ಡಬ್ಬಿಯ ಮುಚ್ಚಳ ತೆಗೆದ.

ಒಳಗೆ ಫಿಲ್ಟರ್ ಇರಲಿಲ್ಲ. ಕಪ್ಪು ದಾರದ ಒಂದು ಉಂಡೆ ಇತ್ತು. ದಾರದ ಜೊತೆ ಹೆಣೆದ ಉದ್ದನೆಯ ಹೆಣ್ಣು ಕೂದಲು, ಏಳು ಗಂಟು, ನಡುವೆ ಅಡ್ಡಲಾಗಿ ಚುಚ್ಚಿದ ತುಕ್ಕು ಸೂಜಿ. ಸುಟ್ಟ ಕೂದಲಿನ ವಾಸನೆ ಮೂಗಿಗೆ ಹೊಡೆಯಿತು. ಮುಟ್ಟಿದರೆ ಬೆಚ್ಚಗಿತ್ತು.

"ಬಿಚ್ಚಬೇಡಿ."

ಅತ್ತೆ ಬಾಗಿಲಲ್ಲಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಕೈ ಮುಗೀತೀನಿ, ಬಿಚ್ಚಬೇಡಿ. ನಾನೇ ಕಟ್ಟಿಸಿದ್ದು ಅದನ್ನ. ಆ ಇನ್ನೊಂದು ಟಾಕೀಸಲ್ಲಿ ಟಿಕೆಟ್ ಕೊಡೋಳೊಬ್ಬಳಿದ್ದಳು. ಇವರು ನಮ್ಮನ್ನ ಬಿಟ್ಟು ಅಲ್ಲೇ ಇರ್ತೀನಿ ಅಂತ ಬಟ್ಟೆ ಕೂಡ ಕಟ್ಟಿಟ್ಟಿದ್ರು. ಮನೇಲೇ ಇರೋ ಹಾಗೆ ಮಾಡಪ್ಪಾ ಅಂತ ಒಬ್ಬ ಮಂತ್ರದವನ ಕಾಲಿಗೆ ಬಿದ್ದೆ. ಇದ್ರು. ಹೀಗೆ ಇರ್ತಾರೆ ಅಂತ ನಂಗೇನು ಗೊತ್ತಿತ್ತು?"

"ಮಗಳಿಗೆ ಗೊತ್ತಾ ಇದು?"

"ಇಲ್ಲ. ಬಿಚ್ಚಿದ ಕೈಗೇ ಸುತ್ತಿಕೊಳ್ಳುತ್ತೆ, ಗಾಡಿ ಗೇಟು ದಾಟಿದ ಮೇಲೆ ತಾನಾಗಿ ಬಿಡಲ್ಲ ಅಂದಿದ್ದ ಅವನು. ಅದಕ್ಕೇ ನಾನೂ ಮುಟ್ಟಿಲ್ಲ."

ಅಳಿಯನಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಒಬ್ಬ ಮನುಷ್ಯ ಕಾಯಿಲೆ ಬಿದ್ದಿದ್ದಾನೆ, ಇವರು ದಾರದುಂಡೆಗೆ ಹೆದರಿ ಹದಿನಾಲ್ಕು ವರ್ಷ ಕಳೆದಿದ್ದಾರೆ. "ಓದು ಬರಹ ಬಲ್ಲೋರು, ಇಂಥಾದ್ದನ್ನ ನಂಬ್ತೀರಲ್ಲ ಅತ್ತೆ!" ಎನ್ನುತ್ತ ಕಟಿಂಗ್ ಪ್ಲೇಯರಿನಲ್ಲಿ ಗಂಟನ್ನು ಕತ್ತರಿಸಿಯೇಬಿಟ್ಟ. ಸೂಜಿ ತೋರುಬೆರಳಿಗೆ ಚುಚ್ಚಿತು. ಒಂದು ಹನಿ ರಕ್ತ. ನೋವಾಗಲಿಲ್ಲ. ಬೆರಳೇ ಇಲ್ಲವೇನೋ ಎಂಬಂತೆ ಜೋಮು ಹಿಡಿಯಿತು.

ಅತ್ತೆ ಬಾಯಿಗೆ ಸೆರಗು ತುರುಕಿಕೊಂಡರು.

ಅಷ್ಟರಲ್ಲಿ ಹೆಂಡತಿ ಅಂಗಳಕ್ಕೆ ಓಡಿಬಂದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು. "ರೀ! ಅಪ್ಪ ನನ್ನ ಕೈ ಹಿಡ್ಕೊಂಡ್ರು. ಗಟ್ಟಿಯಾಗಿ! ಬೇಗ ಸ್ಟಾರ್ಟ್ ಮಾಡಿ ರೀ, ನಾನು ಅವರ ಹತ್ರಾನೇ ಇರ್ತೀನಿ."

ಆ ಮುಖ ನೋಡಿದ ಮೇಲೆ ಇನ್ನು ಆಗಲ್ಲ ಎನ್ನುವುದು ಹೇಗೆ? ಬಾಟಲಿಯಲ್ಲಿ ತಂದಿದ್ದ ಹೊಸ ಪೆಟ್ರೋಲು ಸುರಿದ. ಗಾಡಿಯನ್ನು ಅಂಗಳಕ್ಕೆ ತಳ್ಳಿ, ಗೋಡೆಯ ಪಕ್ಕ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ. ಬಿಸಿಲು ನೆತ್ತಿಯ ಮೇಲಿತ್ತು, ಆದರೂ ಶೆಡ್ಡಿನ ತಣ್ಣನೆಯ ಗಾಳಿ ಬೆನ್ನಿಗೆ ಅಂಟಿಕೊಂಡೇ ಹೊರಬಂದಿತು.

ಮೊದಲ ಕಿಕ್. ಏನೂ ಇಲ್ಲ. ಜೋಮು ಬೆರಳಿನಿಂದ ಅಂಗೈಗೆ ಇಳಿಯಿತು.

ಎರಡನೆಯದು. ಸೈಲೆನ್ಸರಿನಲ್ಲಿ ಒಂದು ಗುಟುರು. ಮೊಣಕೈ ಕಲ್ಲಾಯಿತು.

ಬಿಡು, ಎಂದಿತು ಮನಸ್ಸು. ಕಾಲು ಕೇಳಲಿಲ್ಲ. ತಾನಾಗಿಯೇ ಎದ್ದಿತು, ತಾನಾಗಿಯೇ ಇಳಿಯಿತು.

ಮೂರನೆಯದು.

ಗುಂಡು ಹೊಡೆದಂಥ ಸದ್ದು. ಬಿಳಿ ಹೊಗೆ ಅಂಗಳ ತುಂಬಿತು. ಇಂಜಿನ್ನು ಸ್ಟಾರ್ಟ್ ಆಯಿತು. ಡಬ್, ಡಬ್, ಡಬ್. ಅವನ ಎದೆಬಡಿತ ಅದರೊಳಗೆ ಸೇರಿಹೋಯಿತು. ಕೈ ತೆಗೆಯಲು ನೋಡಿದ. ಬರಲಿಲ್ಲ. ಕೂಗಲು ನೋಡಿದ. ನಾಲಿಗೆ ಹೊರಳಲಿಲ್ಲ. ಭುಜ ಹೋಯಿತು. ಕತ್ತು ಹೋಯಿತು. ಮೊಣಕಾಲು ಮಡಚಿತು. ಹಿಡಿ ತಾನಾಗಿಯೇ ಜಾರಿ, ಗೋಡೆಗೆ ಒರಗಿ ಕುಸಿದು ಕೂತ.

ಹೊಗೆಯೊಳಗಿಂದ ಯಾರೋ ನಡೆದುಬರುತ್ತಿದ್ದರು.

ಮಾವ. ಹದಿನಾಲ್ಕು ವರ್ಷ ನೆಲ ಮುಟ್ಟದ ಪಾದಗಳು ಒಂದೊಂದೇ ಹೆಜ್ಜೆ ಇಡುತ್ತಿದ್ದವು. ಹಿಂದೆಯೇ ಹೆಂಡತಿ, ಅಳುತ್ತ, ನಗುತ್ತ. ಮಾವ ಅಳಿಯನ ಮುಂದೆ ಬಗ್ಗಿದರು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಮರುಕವಿತ್ತು.

"ಎಲ್ಲಾ ಕೇಳ್ಸುತ್ತೆ," ಎಂದರು ಮೆಲ್ಲಗೆ. "ಎಲ್ಲಾ ಕಾಣ್ಸುತ್ತೆ. ಅದೇ ಕಷ್ಟ."

ಎದ್ದು ಗಾಡಿ ಹತ್ತಿದರು.

"ಆಫ್ ಮಾಡೇ!" ಅತ್ತೆ ಕಿರುಚಿದರು. "ಗೇಟು ದಾಟಿದ್ರೆ ನಿನ್ನ ಗಂಡ ಏಳಲ್ಲ ಕಣೇ! ಕೀ ತಿರುಗ್ಸು!"

ಹೆಂಡತಿ ತಿರುಗಿ ಗಂಡನನ್ನು ನೋಡಿದಳು. ನಗು ಆರಿತು. ಅವನು ಕಣ್ಣಲ್ಲೇ ಬೇಡಿಕೊಂಡ. ಅವಳಿಗೆ ಅರ್ಥವಾಯಿತು. ಕೈ ಕೀ ಮೇಲೆ ಬಂತು. ಹಿಡಿದಳು.

"ಮಗಳೇ," ಎಂದರು ಮಾವ.

ಅಷ್ಟೇ. ಆ ಕೈ ಅಲ್ಲೇ ನಿಂತಿತು. ಒಂದು ಕ್ಷಣ. ಎರಡು. ಗಾಡಿ ಅವಳ ಬೆರಳುಗಳ ನಡುವಿನಿಂದ ನುಸುಳಿ ಗೇಟು ದಾಟಿತು. ಸದ್ದು ಬೀದಿಯ ತಿರುವಿನಲ್ಲಿ ಸಣ್ಣದಾಯಿತು. ಕೇಳಿಸದಾಯಿತು.

ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇದ್ದದ್ದು ಅರ್ಧ ಗಂಟೆ ಮಾತ್ರ.

ಅತ್ತೆ ಎಲ್ಲವನ್ನೂ ಮಗಳ ಮುಂದೆ ಕಕ್ಕಿದರು. ಒಂದು ವಾರ ಅಲೆದು ಅದೇ ಮಂತ್ರದವನನ್ನು ಹುಡುಕಿ, ಹೊಸ ಗಂಟು ತಂದರು. ಅದೇ ಗಾಡಿಯ ಅದೇ ಡಬ್ಬಿಯಲ್ಲಿ ಇಟ್ಟರೆ ಅಳಿಯ ಏಳುತ್ತಾನೆ. ಮಾವ ಮತ್ತೆ ಕೂರುತ್ತಾರೆ. ಬೇರೆ ದಾರಿ ಇಲ್ಲ. ಇಡಬೇಕಾದವಳು ಮಗಳೇ, ಏಕೆಂದರೆ ಅತ್ತೆಯನ್ನು ಮಾವ ಹತ್ತಿರಕ್ಕೆ ಸೇರಿಸುವುದಿಲ್ಲ.

ಅವಳು ಹೋದಳು. ಸಂಜೆ ಬಂದು ಗಂಡನ ಎದುರು ನೆಲದ ಮೇಲೆ ಕೂತಳು. ಬ್ಯಾಗು ತೊಡೆಯ ಮೇಲಿತ್ತು. ಅದರೊಳಗಿಂದ ಸುಟ್ಟ ಕೂದಲಿನ ವಾಸನೆ ಬರುತ್ತಿತ್ತು.

"ಟಾಕೀಸು ಈಗ ಗೋಡೌನ್ ಆಗಿದೆ ರೀ. ಟಿಕೆಟ್ ಕೊಡ್ತಿದ್ದ ಆಯಮ್ಮ ಅದರ ಮುಂದೇನೇ ಒಂದು ಟೀ ಅಂಗಡಿ ಇಟ್ಕೊಂಡಿದ್ದಾಳೆ. ಅಪ್ಪ ಲೋಟ ತೊಳೀತಾ ಇದ್ರು. ಗಾಡಿ ಹೊರಗೇ ನಿಂತಿತ್ತು, ನನ್ನ ಕೈಗೆ ಎಟುಕೋ ಅಷ್ಟು ಹತ್ರ." ಅವಳ ದನಿ ಒಡೆಯಿತು. "ಅಪ್ಪ ಏನೋ ಹೇಳಿ ನಗ್ತಾ ಇದ್ರು. ಅವರು ನಗೋದು ಹೇಗಿರುತ್ತೆ ಅಂತ ನಂಗೆ ಮರೆತೇಹೋಗಿತ್ತು."

ಅವನು ಒಳಗೊಳಗೇ ಚೀರಿದ. ರೆಪ್ಪೆಯೂ ಅಲುಗಲಿಲ್ಲ.

ಅವಳು ಕಣ್ಣೊರೆಸಿಕೊಂಡು, ಅವನ ತಣ್ಣಗಾದ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. "ನಾಳೆ ಖಂಡಿತ ಇಟ್ಟು ಬರ್ತೀನಿ ರೀ. ನಿಮ್ಮಾಣೆ."

ಅವಳು ಅದೇ ಮಾತುಗಳನ್ನು ಹೇಳಿ ಹಾಗೆ ಆಣೆಯಿಟ್ಟದ್ದು ಅದು ಹನ್ನೊಂದನೆಯ ಸಂಜೆ.