ಹಲ್ಲಿನ ಡಾಕ್ಟರಿಗೊಂದು ರೆಕಾರ್ಡ್ ಪ್ಲೇಯರ್

ಯಜಮಾನರ ಉಯಿಲಿನಲ್ಲಿ ಅವನ ಪಾಲಿಗೆ ಬಂದದ್ದು ಒಂದು ಸ್ಕ್ರೂಡ್ರೈವರ್ ಸೆಟ್ಟು. ಇಪ್ಪತ್ತೆರಡು ವರ್ಷ ಅದೇ ಅಂಗಡಿಯಲ್ಲಿ ಕೂತು ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡಿದವನಿಗೆ, ಅವನೇ ಬಳಸಿ ಹಿಡಿ ಸವೆಸಿದ್ದ ಸ್ಕ್ರೂಡ್ರೈವರುಗಳನ್ನು ಬಹುಮಾನವಾಗಿ ಕೊಟ್ಟು ಹೋಗಿದ್ದರು ಪುಣ್ಯಾತ್ಮರು. ಅಂಗಡಿಯೇನೋ ಯಜಮಾನರ ಹೆಂಡತಿಗೆ ಹೋಯಿತು. ಅದು ನ್ಯಾಯವೇ, ಅವನಿಗೇನೂ ಹೊಟ್ಟೆಯುರಿ ಇರಲಿಲ್ಲ. ಆದರೆ ಮನೆಯ ಕಪಾಟಿನಲ್ಲಿದ್ದ ನಾನ್ನೂರು ರೆಕಾರ್ಡುಗಳು ಯಜಮಾನರ ಅಕ್ಕನ ಮಗಳಿಗೆ ಹೋದವು. ಅವಳು ಹಲ್ಲಿನ ಡಾಕ್ಟರು. ರೆಕಾರ್ಡಿನ ಮುಖಕ್ಕೆ ಬೆರಳು ತಾಗಿಸಬಾರದೆಂಬುದೂ ಗೊತ್ತಿಲ್ಲದ ಹೆಂಗಸು.

ನಾನ್ನೂರರಲ್ಲಿ ಅವನಿಗೆ ಬೇಕಿದ್ದದ್ದು ಒಂದೇ ಒಂದು. ಒಬ್ಬ ಹಾಡುಗಾರ್ತಿ ಬದುಕಿನಲ್ಲಿ ಒಂದೇ ಸಲ ಸ್ಟುಡಿಯೋಗೆ ಹೋಗಿ ಹಾಡಿದ್ದಳು. ರೆಕಾರ್ಡು ಮಾರುಕಟ್ಟೆಗೆ ಬರುವ ಮೊದಲೇ ಕಂಪನಿಯ ಗೋದಾಮು ಸುಟ್ಟುಹೋಗಿ, ಕೈಬೆರಳಲ್ಲಿ ಎಣಿಸುವಷ್ಟು ಉಳಿದವು. ಅದರಲ್ಲೊಂದು ಯಜಮಾನರ ಬಳಿ ಇತ್ತು. ಒಂದು ಮಧ್ಯಾಹ್ನ ಮನೆಗೆ ಕರೆದು, ಬಾಗಿಲು ಹಾಕಿ, ಅವನಿಗೆ ಅದನ್ನು ಕೇಳಿಸಿದ್ದರು. ಹಾಡು ಮುಗಿದಾಗ ಅವನ ಕಣ್ಣಲ್ಲಿ ನೀರಿತ್ತು. "ನನ್ನ ನಂತರ ಇದು ನಿಂದೇ ಕಣೋ" ಎಂದಿದ್ದರು. ಆ ಮಾತು ಉಯಿಲು ಬರೆದ ವಕೀಲರ ಕಿವಿಗೆ ಬೀಳಲಿಲ್ಲ. ಹಲ್ಲು ಕೀಳುವವಳ ಮನೆಯಲ್ಲಿ ಆ ದನಿ ಕೊಳೆಯುತ್ತದೆ ಎಂದು ನೆನೆದಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು.

ಉಯಿಲು ಓದಿದ ಮುಂದಿನ ವಾರ ಅವಳು ಅಂಗಡಿಗೆ ಬಂದಳು. ಕ್ಲಿನಿಕ್ಕಿನ ಔಷಧಿ ವಾಸನೆ ಅವಳ ಜೊತೆಗೇ ಬಂತು. ಮಾವನ ರೆಕಾರ್ಡು ಕೇಳಲು ಒಂದು ಪ್ಲೇಯರ್ ಬೇಕು, ತಾನು ತೀರಾ ಹೊಸಬಳು, ದುಬಾರಿಯದು ಬೇಡ, ಯಾವುದು ಒಳ್ಳೆಯದೆಂದು ನೀವೇ ಹೇಳಬೇಕು ಅಣ್ಣ ಎಂದಳು. ಅವನ ಕೈಯಲ್ಲಿದ್ದ ಬೆಸುಗೆ ಕಡ್ಡಿ ಒಂದು ಗಳಿಗೆ ಹಾಗೇ ನಿಂತಿತು. ಉಪಾಯ ಆಗಲೇ ಮೂಡಿತ್ತು.

ಅಂಗಡಿಯಲ್ಲಿ ಕಡಿಮೆ ಬೆಲೆಯ ಮಷೀನುಗಳು ಮೂರು ಬಗೆಯವು. ಮೊದಲನೆಯದು ಸೂಟ್‌ಕೇಸಿನಂತೆ ಮುಚ್ಚಿ ಹಿಡಿದುಕೊಂಡು ಹೋಗುವಂಥದ್ದು. ನೋಡಲು ಚೆಂದ, ಸ್ಪೀಕರ್ ಒಳಗೇ ಇರುತ್ತದೆ. ಆದರೆ ಅದರ ತೋಳಿನ ಭಾರಕ್ಕೆ ಮುಳ್ಳು ರೆಕಾರ್ಡಿನ ಮೇಲೆ ನೇಗಿಲು ಹೂಡುತ್ತದೆ. ಹೊಸಬರು ಬಂದರೆ ಅವನು ತಲೆಕೆಡಿಸಿಕೊಳ್ಳದೆ ಅದನ್ನೇ ಕಟ್ಟಿ ಕಳಿಸುತ್ತಿದ್ದ. ಎರಡನೆಯದು ಗುಂಡಿ ಒತ್ತಿದರೆ ತಾನೇ ಎದ್ದು ತಾನೇ ಕೂರುವಂಥದ್ದು. ಪರವಾಗಿಲ್ಲ, ಆದರೆ ಭಾರ ಹೊಂದಿಸಲು ಬರುವುದಿಲ್ಲ. ಮೂರನೆಯದು ಕಪ್ಪಗೆ, ಸಪ್ಪೆಯಾಗಿ, ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿತ್ತು. ಬೆಲ್ಟಿನಿಂದ ತಿರುಗುತ್ತದೆ, ತೋಳಿನ ಹಿಂದಿನ ತೂಕವನ್ನು ತಿರುಗಿಸಿ ಮುಳ್ಳಿನ ಭಾರ ಇಳಿಸಬಹುದು, ಮುಳ್ಳು ಸವೆದರೆ ಬದಲಾಯಿಸಬಹುದು. ಸ್ಪೀಕರ್ ಬೇರೆ ಕೊಳ್ಳಬೇಕು, ಅಷ್ಟೆ.

ಇವಳ ಮೇಲಿನ ಸಿಟ್ಟಿಗೆ ಸೂಟ್‌ಕೇಸನ್ನೇ ಕೊಡಬೇಕೆನಿಸಿತು. ಆದರೆ ತನ್ನ ಕೈಗೆ ಸಿಗುವ ಮೊದಲೇ ಇವಳು ಆ ಹಾಡುಗಾರ್ತಿಯ ಪ್ಲೇಟನ್ನು ಉತ್ತು ಹಾಕಿಬಿಟ್ಟರೆ? ಹಾಗಾಗಿ, ಬದುಕಿನಲ್ಲಿ ಮೊದಲ ಸಲ, ಕದಿಯುವುದಕ್ಕೋಸ್ಕರ ಅವನು ಒಬ್ಬ ಗಿರಾಕಿಗೆ ಪ್ರಾಮಾಣಿಕ ಸಲಹೆ ಕೊಟ್ಟ. ಕಪ್ಪು ಮಷೀನನ್ನು ಎದುರಿಗಿಟ್ಟು ಅರ್ಧ ಗಂಟೆ ವಿವರಿಸಿದ. ರೆಕಾರ್ಡನ್ನು ಅಂಚಲ್ಲೇ ಹಿಡಿಯಬೇಕು, ಧೂಳು ಒರೆಸಬೇಕು. ಕೊನೆಯಲ್ಲಿ ದನಿ ತಗ್ಗಿಸಿ, "ನೋಡಮ್ಮ, ಪ್ರತಿ ಸಲ ಹಾಕಿದಾಗಲೂ ಮುಳ್ಳು ಒಂಚೂರು ತಿನ್ನುತ್ತೆ. ಹಳೇವನ್ನ, ಅಪರೂಪದ್ದನ್ನ ಸುಮ್ನೆ ಸುಮ್ನೆ ಹಾಕ್ಬೇಡ" ಎಂದ. ಅವಳು ತಲೆಯಾಡಿಸುತ್ತ ಚೀಟಿಯಲ್ಲಿ ಬರೆದುಕೊಂಡಳು. ಬರೆದುಕೊಳ್ಳಲಿ ಎಂದು ಅವನು ಒಳಗೊಳಗೇ ನಕ್ಕ.

ಜೋಡಿಸಿಕೊಡಲು ಅವನೇ ಅವಳ ಮನೆಗೆ ಹೋದ. ಮಷೀನನ್ನು ಅಲುಗದ ಮೇಜಿನ ಮೇಲಿಟ್ಟು, ಮಟ್ಟ ನೋಡಿ, ಮುಳ್ಳಿನ ಭಾರ ಹೊಂದಿಸಿದ. ಪಕ್ಕದ ಕೋಣೆಯಲ್ಲಿ ಅವಳು ಯಾರದೋ ಬಾವು ಬಂದ ದವಡೆಯ ಬಗ್ಗೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಮೂರನೆಯ ಸಾಲಿನಲ್ಲಿದ್ದ ಆ ಪ್ಲೇಟು ತೆಗೆದು ಲೇಬಲ್ಲಿನ ಫೋಟೋ ಹೊಡೆದುಕೊಂಡ. ಲೇಬಲ್ಲಿನ ಸುತ್ತ ಕಂಪನಿಯವರು ಸಣ್ಣದಾಗಿ ಗೀಚಿದ್ದ ಸಂಖ್ಯೆಯನ್ನೂ ಬಿಡಲಿಲ್ಲ.

ಮುಂದಿನ ಮೂರು ವಾರ ದುಡಿದಷ್ಟು ಶ್ರದ್ಧೆಯಿಂದ ಅವನು ಎಂದೂ ಯಾವ ಕೆಲಸವನ್ನೂ ಮಾಡಿರಲಿಲ್ಲ. ಅಂಗಡಿಯ ರದ್ದಿ ರಾಶಿಯಿಂದ ಅದೇ ಕಾಲದ, ಅದೇ ದಪ್ಪದ ಒಂದು ಪ್ಲೇಟು ಆರಿಸಿದ. ಅದರಲ್ಲೂ ಒಬ್ಬ ಹೆಂಗಸಿನ ದನಿಯೇ ಇತ್ತು. ಹೊಸ ಲೇಬಲ್ ಮುದ್ರಿಸಿ, ಚಹಾದ ನೀರಿನಲ್ಲಿ ಅದ್ದಿ ಹಳದಿ ಮಾಡಿ, ಹಳೆಯದರ ಮೇಲೆ ಅಂಟಿಸಿದ. ಸಂಖ್ಯೆಯನ್ನು ಭೂತಗನ್ನಡಿಯ ಕೆಳಗೆ ಸೂಜಿಯಲ್ಲಿ ಗೀಚಿದ.

ಉಪಾಯದ ಸೊಗಸು ಇದ್ದದ್ದು ನಕಲಿಯಲ್ಲಲ್ಲ, ಅದು ಸಿಕ್ಕಿಬಿದ್ದ ಮೇಲೆ ಆಗುವುದರಲ್ಲಿ. ಎಂದೋ ಒಂದು ದಿನ ತಿಳಿದವರು ನೋಡಿ ಇದು ಅಸಲಿಯಲ್ಲ ಎನ್ನುತ್ತಾರೆ. ಆಗ ಎಲ್ಲರೂ ಪಾಪ, ಮುದುಕರಿಗೆ ಯಾರೋ ಕಿವಿಗೆ ಹೂವಿಟ್ಟಿದ್ದರು ಎಂದುಕೊಳ್ಳುತ್ತಾರೆ. ಅಸಲಿ ಇತ್ತೆಂದು ಹೇಳಬಲ್ಲ ಯಜಮಾನರು ಸತ್ತಿದ್ದಾರೆ. ಅವರ ಹೆಂಡತಿಗೆ ಎಲ್ಲ ಹಾಡೂ ಒಂದೇ. ಕಳ್ಳತನವೇ ಆಗದಿದ್ದರೆ ಕಳ್ಳನನ್ನು ಯಾರು ಹುಡುಕುತ್ತಾರೆ?

ಬೆಲ್ಟು ಹೊಸದರಲ್ಲಿ ಸಡಿಲಾಗುತ್ತದೆ, ನೋಡಿಬಿಡೋಣ ಎಂದು ಹೇಳಿ ಮತ್ತೊಮ್ಮೆ ಹೋದ. ಅವಳು ಚಹಾ ಮಾಡಲು ಒಳಗೆ ಹೋದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಯಿತು. ಅವಳು ಚಹಾದ ಕಪ್ಪು ತಂದಿಡುವಾಗ ಅಸಲಿ ಪ್ಲೇಟು ಅವನ ಸಾಮಾನಿನ ಚೀಲದಲ್ಲಿತ್ತು. ಚಹಾಕ್ಕೆ ಸಕ್ಕರೆ ಕಡಿಮೆಯಾಗಿತ್ತು. ಹಲ್ಲಿನ ಡಾಕ್ಟರ ಮನೆಯಲ್ಲಿ ಇನ್ನೇನು ನಿರೀಕ್ಷಿಸಲಾದೀತು ಎಂದುಕೊಂಡು ಪೂರ್ತಿ ಕುಡಿದ. ಸಂಜೆ ಪ್ಲೇಟನ್ನು ತನ್ನ ಕೆಲಸದ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಮಾರುವ ಯೋಚನೆಯೇ ಇರಲಿಲ್ಲ. ತನ್ನದಾಗಬೇಕಿತ್ತು, ಆಯಿತು.

ಹದಿನೈದು ದಿನ ಕಳೆದು, ಮಧ್ಯಾಹ್ನದ ಊಟಕ್ಕೆ ಬಾಗಿಲೆಳೆಯುವ ಹೊತ್ತಿಗೆ ಅವಳು ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಚೌಕ ಕಟ್ಟು.

"ಮಾವ ಇದನ್ನ ನಿಮಗೆ ಕೊಡ್ತೀನಿ ಅಂದಿದ್ರಂತೆ. ಅತ್ತೆ ನಿನ್ನೆ ಹೇಳಿದ್ರು. ನಂಗೆ ಗೊತ್ತೇ ಇರ್ಲಿಲ್ಲ ಅಣ್ಣ. ತಗೊಳ್ಳಿ."

ಅವನು ಬಟ್ಟೆ ಬಿಚ್ಚಿದ. ತನ್ನದೇ ಕೈಕೆಲಸ ಅವನನ್ನು ನೋಡುತ್ತಿತ್ತು. ಐದು ವಾರ ಸುಮ್ಮನಿದ್ದಿದ್ದರೆ ಅಸಲಿಯೇ ಹೀಗೆ ನಡೆದು ಬರುತ್ತಿತ್ತು. ನಾಚಿಕೆಯಾಗಬೇಕಿತ್ತು, ಆದರೆ ಸಿಟ್ಟು ಬಂತು. ಕೊಡುವುದಿದ್ದರೆ ಮೊದಲೇ ಕೊಡಬಾರದಿತ್ತೆ? ನಂತರ ಇನ್ನೊಂದು ಹೊಳೆದು ಮನಸ್ಸು ಹಗುರಾಯಿತು. ಇದ್ದ ಒಂದೇ ಸಾಕ್ಷಿ ತಾನಾಗಿ ಮನೆ ಸೇರುತ್ತಿದೆ.

ಅವಳಿಗೆ ಒಂದೇ ಆಸೆಯಿತ್ತು. ಕೊಟ್ಟು ಹೋಗುವ ಮೊದಲು ಅಂಗಡಿಯ ದೊಡ್ಡ ಮಷೀನಿನಲ್ಲಿ ಒಂದು ಸಲ ಕೇಳಬೇಕು. ಇವಳ ಕಿವಿಗೆ ಏನು ತಿಳಿದೀತು ಎಂದು ಅವನು ಮುಳ್ಳಿಳಿಸಿದ. ರದ್ದಿ ರಾಶಿಯ ಹೆಂಗಸು ಹಾಡತೊಡಗಿದಳು. ಹಲ್ಲಿನ ಡಾಕ್ಟರು ತಲೆ ತಗ್ಗಿಸಿ ಕೇಳಿದಳು, ಹಾಡು ಅರ್ಧವಾಗುವಾಗ ತಲೆಯೆತ್ತಿ, ಇದು ಲೇಬಲ್ಲಿನ ಮೇಲೆ ಬರೆದಿರುವ ಹಾಡಲ್ಲ ಎಂದಳು.

ಅವನು ಸಿದ್ಧನಾಗಿಯೇ ಇದ್ದ. ಪ್ಲೇಟನ್ನು ಎತ್ತಿ ಬೆಳಕಿಗೆ ಹಿಡಿದ, ಉಗುರಿನಿಂದ ಲೇಬಲ್ಲಿನ ಅಂಚು ಕೆರೆದ, ನಿಟ್ಟುಸಿರು ಬಿಟ್ಟ.

"ನಕಲಿ ಕಣಮ್ಮ. ನಿಮ್ಮ ಮಾವಂಗೆ ಯಾರೋ ಮೋಸ ಮಾಡಿದಾರೆ."

"ಮಾವ ಯಾವತ್ತೂ ಹಾಕಿ ಕೇಳಿರ್ಲಿಲ್ವಾ?"

"ಸವೆಯುತ್ತೆ ಅಂತ ಮುಟ್ತಾನೇ ಇರ್ಲಿಲ್ಲ. ಈ ಕವರೊಳಗೆ ಮೊದಲಿಂದ್ಲೂ ಇದ್ದಿದ್ದು ಇದೇ, ನಾನು ಬೇಕಾದ್ರೆ ಬರ್ಕೊಡ್ತೀನಿ."

ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ, ಹುಳುಕು ಎಲ್ಲಿಂದ ಶುರುವಾಗಿದೆಯೆಂದು ಹುಡುಕುವವಳ ಹಾಗೆ ನೋಡಿದಳು. ಆಮೇಲೆ ಚೀಲದಿಂದ ಫೋನು ತೆಗೆದು ಮೇಜಿನ ಮೇಲಿಟ್ಟು ಒತ್ತಿದಳು. ಮುಚ್ಚಿದ ಬಾಗಿಲಿನ ಆ ಮಧ್ಯಾಹ್ನದ ದನಿ, ಅದೇ ದನಿ, ಅಂಗಡಿಯ ತುಂಬ ಎದ್ದಿತು. ಅವನ ಕೈ ತಾನಾಗಿ ಡ್ರಾಯರಿನ ಬೀಗಕ್ಕೆ ಹೋದದ್ದನ್ನು ಇಬ್ಬರೂ ನೋಡಿದರು. "ಒಂದು ಹಲ್ಲು ಮುಟ್ಟೋ ಮುಂಚೆ ಎಕ್ಸ್-ರೇ ತೆಗೆದಿಡ್ತೀವಿ ಅಣ್ಣ, ಅಭ್ಯಾಸ" ಎಂದಳು ಅವಳು, ದನಿ ಏರಿಸದೆ. "ಮುಳ್ಳು ತಿನ್ನುತ್ತೆ ಅಂದ್ರಲ್ಲ, ಅದಕ್ಕೇ ತೀರಾ ಹಳೇವನ್ನ ಒಂದೊಂದೇ ಸಲ ಹಾಕಿ ಕಂಪ್ಯೂಟರಿಗೆ ಇಳಿಸ್ಕೊಂಡೆ. ನೀವು ಬೆಲ್ಟು ನೋಡೋಕೆ ಬಂದ್ರಲ್ಲ, ಅದರ ಹಿಂದಿನ ಭಾನುವಾರ ಇದು ಹಾಡ್ತಿತ್ತು." ಅವನು ಆ ಕಪ್ಪು ಮಷೀನಿನ ಮೋಟಾರು, ಬೆಲ್ಟು, ತೋಳು, ಮುಳ್ಳು ಎಲ್ಲವನ್ನೂ ನೋಡಿಯೇ ಆರಿಸಿದ್ದ. ಅದರ ಹಿಂಬದಿಯಲ್ಲಿ ಕಂಪ್ಯೂಟರಿನ ವೈರು ಚುಚ್ಚಲು ಒಂದು ಸಣ್ಣ ಕಿಂಡಿ ಇತ್ತು. ಅದು ಆಟಿಕೆಯೆಂದು ಅವನು ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ. ಅವಳು ಮಷೀನಿನ ಡಬ್ಬಿಯೊಳಗಿನ ಕೈಪಿಡಿ ಓದಿದ್ದಳು.